ಕೊಂಡಿಯ ಮೇಲೆ ಎಷ್ಟು ಭಾರ? ಟ್ರೈಲರ್ ಎಳೆಯುವವರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ತಿಂಗಳು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಟ್ರೈಲರ್ ಜೋಡಣೆಯ ಕುರಿತಾದವು. "ನನ್ನ ಗಾಡಿ ಇಷ್ಟು ತೂಕ ಎಳೆಯುತ್ತದೆಯೇ?" ಎಂದೇ ಬಹುತೇಕರು ಕೇಳಿದ್ದಾರೆ. ಇವತ್ತಿನ ಎಂಜಿನ್‌ಗಳು ಎಳೆಯುವುದಕ್ಕೆ ಹಿಂಜರಿಯುವುದಿಲ್ಲ. ಕೆಡುವುದು ಬೇರೆ ಕಡೆ: ಟ್ರೈಲರ್ ತನ್ನ ತೂಕದ ಒಂದು ಪಾಲನ್ನು ಕೊಂಡಿಯ ಮೂಲಕ ಮುಂದಿನ ಗಾಡಿಯ ಮೇಲೆ ಹೇರುತ್ತದಲ್ಲ, ಆ ಪಾಲಿನ ಲೆಕ್ಕ ಯಾರೂ ಹಾಕುವುದಿಲ್ಲ. ಎತ್ತಿನ ಗಾಡಿ ಹೂಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ, ಹಿಂಭಾರವಾದರೆ ಮೂಕಿ (ಗಾಡಿಯಿಂದ ಮುಂದಕ್ಕೆ ಚಾಚಿದ ಮರ) ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಕೆಳಗಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಮಾತಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ: ನಮ್ಮ ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಫಿಫ್ತ್ ವೀಲ್ ಕ್ಯಾಂಪರ್ ಟ್ರೈಲರ್ (ಪಿಕಪ್‌ನ ಬಾಡಿಯೊಳಗೆ ಸಿಕ್ಕಿಸಿ ಎಳೆಯುವ, ಉಳಿದುಕೊಳ್ಳುವ ಮನೆಯಂಥ ಟ್ರೈಲರ್) ಕೊಳ್ಳುವ ಯೋಚನೆಯಲ್ಲಿದ್ದಾರೆ. ತುಂಬಿದಾಗಿನ ಗರಿಷ್ಠ ತೂಕ 12,000 ಪೌಂಡ್. ಅವರ ಪಿಕಪ್‌ನ ಹಿಂದಿನ ಬಾಡಿ ಆರೂವರೆ ಅಡಿ ಉದ್ದ. ಯಾವ ಹಿಚ್ (ಕೊಂಡಿ) ಹಾಕಿಸಬೇಕು? ಲಾರಿ ಟ್ರೈಲರ್‌ಗಳ ಕೆಲಸ ಗೊತ್ತು, ಪಿಕಪ್ ಮೇಲೆ ಇದನ್ನು ಕೂರಿಸುವುದು ಗೊತ್ತಿಲ್ಲ.
— ನಿವೃತ್ತ ಮೆಕ್ಯಾನಿಕ್, ಹಾಸನ

ಉತ್ತರ: ನೀವು ಲಾರಿಯಲ್ಲಿ ಕಂಡ ಏರ್ಪಾಡೇ ಇದು. ಟ್ರೈಲರ್‌ನ ಮೂತಿಯ ಕೆಳಗೆ 2 ಇಂಚಿನ ಕಿಂಗ್‌ಪಿನ್ ಇರುತ್ತದೆ, ಪಿಕಪ್‌ನ ಬಾಡಿಯೊಳಗೆ ಅದನ್ನು ಕಚ್ಚಿ ಹಿಡಿಯುವ ದವಡೆಯುಳ್ಳ ಪ್ಲೇಟು. ಲಾರಿಯ ಚಾಸಿಸ್ ಈ ಕೆಲಸಕ್ಕೆಂದೇ ಹುಟ್ಟಿದ್ದು, ಪಿಕಪ್ ಹಾಗಲ್ಲ. ಅದಕ್ಕೇ ಹಿಚ್ ಆರಿಸುವ ಮೊದಲು ಪಿಕಪ್ ಈ ಭಾರ ಹೊರುತ್ತದೆಯೇ ಎಂದು ನೋಡಬೇಕು.

ಫಿಫ್ತ್ ವೀಲ್ ಟ್ರೈಲರ್ ತನ್ನ ತೂಕದ ಶೇ 15ರಿಂದ 25ರಷ್ಟನ್ನು ಪಿನ್ನಿನ ಮೇಲೆ ಹಾಕುತ್ತದೆ. ಶೇ 20 ಎಂದು ಹಿಡಿದರೆ 12,000 ಪೌಂಡಿಗೆ 2,400 ಪೌಂಡ್, ಅಂದರೆ ಸುಮಾರು 1,090 ಕೆ.ಜಿ. ಹಿಚ್ಚಿನ ಸ್ವಂತ ತೂಕ 200 ಪೌಂಡ್, ನಾಲ್ಕು ಜನ 600 ಪೌಂಡ್. ಅಲ್ಲಿಗೆ 3,200 ಆಯಿತು, ಇನ್ನೂ ಸಾಮಾನು ಸೇರಿಲ್ಲ. ಈಗ ಡ್ರೈವರ್ ಬಾಗಿಲು ತೆರೆದು ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ಓದಲಿ. ಜನ ಮತ್ತು ಸರಕು ಸೇರಿ ಎಷ್ಟು ಮೀರಬಾರದು ಎಂದು ಆ ಗಾಡಿಗೇ ಸಂಬಂಧಪಟ್ಟ ಅಂಕಿ ಅದರಲ್ಲಿರುತ್ತದೆ. ಅರ್ಧ ಟನ್ ವರ್ಗದ (ಇದು ಹಗುರ ಪಿಕಪ್‌ಗಳಿಗೆ ಅಲ್ಲಿನ ರೂಢಿಯ ಹೆಸರು, ಹೊರುವ ತೂಕವಲ್ಲ) ಪಿಕಪ್‌ಗಳಲ್ಲಿ ಅದು ಸಾಮಾನ್ಯವಾಗಿ 1,500ರಿಂದ 2,000 ಪೌಂಡ್. ಆ ವರ್ಗದ್ದಾದರೆ ಈ ಟ್ರೈಲರ್ ಬೇಡವೇ ಬೇಡ. ಮುಕ್ಕಾಲು ಟನ್ ವರ್ಗದ ಡೀಸೆಲ್ ಪಿಕಪ್ಪಿನಲ್ಲೂ ಎಷ್ಟೋ ಸಲ ಅಂಕಿ ಸಾಲುವುದಿಲ್ಲ, ಭಾರದ ಎಂಜಿನ್ನೇ ಒಂದಷ್ಟು ಪಾಲು ತಿಂದಿರುತ್ತದೆ. ಒಂದು ಟನ್ ವರ್ಗದ್ದಾದರೆ ಸಾಮಾನ್ಯವಾಗಿ ನಿಶ್ಚಿಂತೆ. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ "ಎಳೆಯುವ ಸಾಮರ್ಥ್ಯ" ಬೇರೆ, ಈ ಹೊರುವ ಅಂಕಿ ಬೇರೆ. ಫಿಫ್ತ್ ವೀಲ್‌ನಲ್ಲಿ ಮೊದಲು ಮುಗಿಯುವುದು ಹೊರುವ ಅಂಕಿಯೇ. ಟ್ರೈಲರ್‌ನ ಕರಪತ್ರದಲ್ಲಿ ಕೊಟ್ಟಿರುವ ಪಿನ್ ತೂಕವನ್ನೂ ನಂಬಬೇಡಿ, ಅದು ಖಾಲಿ ಟ್ರೈಲರ್‌ನದು. ಸಾಮಾನು ತುಂಬುವ ದೊಡ್ಡ ಖಾನೆ ಇರುವುದೇ ಮೂತಿಯ ಹತ್ತಿರ.

ಇನ್ನು ಆರೂವರೆ ಅಡಿಯ ವಿಷಯ. ಟ್ರೈಲರ್‌ನ ಅಗಲ 8 ಅಡಿ ಎಂದರೆ ಪಿನ್ನಿನಿಂದ ಪಕ್ಕಕ್ಕೆ 48 ಇಂಚು. ಗಾಡಿ 90 ಡಿಗ್ರಿ ತಿರುಗಿದಾಗ ಆ ಪಕ್ಕ ಕ್ಯಾಬಿನ್ನಿನ ಹಿಂದಿನ ಗಾಜಿನ ಕಡೆ ಬರುತ್ತದೆ. ನಾಲ್ಕು ಇಂಚು ಬಿಡುವು ಸೇರಿಸಿದರೆ ಪಿನ್ನಿನ ನಡುವಿನಿಂದ ಕ್ಯಾಬಿನ್‌ವರೆಗೆ 52 ಇಂಚು ಬೇಕು. 8 ಅಡಿ ಬಾಡಿಯಲ್ಲಿ ಅಷ್ಟು ಸಿಗುತ್ತದೆ, ಆರೂವರೆ ಅಡಿಯದರಲ್ಲಿ ಸಿಗುವುದಿಲ್ಲ. ಈಚಿನ ಟ್ರೈಲರ್‌ಗಳ ಮೂತಿಯ ಮೂಲೆಗಳನ್ನು ಕತ್ತರಿಸಿ ಓರೆ ಮಾಡಿರುತ್ತಾರೆ, ಅಂಥವು ನೇರ ರಸ್ತೆಯಲ್ಲೂ ಸಾಧಾರಣ ತಿರುವಿನಲ್ಲೂ ತೊಂದರೆ ಕೊಡುವುದಿಲ್ಲ. ಕ್ಯಾಂಪ್‌ಗ್ರೌಂಡಿನಲ್ಲಿ ಹಿಮ್ಮುಖವಾಗಿ ಮುರಿದು ನಿಲ್ಲಿಸುವಾಗ ಗಾಜು ಒಡೆಯುತ್ತದೆ. ಹಾಗಾದರೆ ಹಿಚ್ಚನ್ನೇ ಹಿಂದಕ್ಕೆ ಕೂರಿಸಿದರಾಯಿತಲ್ಲ ಎಂದರೆ ಆಗದು. ಹಿಚ್ಚಿನ ನಡು ಹಿಂದಿನ ಆಕ್ಸಲ್‌ನ ನೇರಕ್ಕೆ ಅಥವಾ ಅದಕ್ಕಿಂತ ಒಂದೆರಡು ಇಂಚು ಮುಂದಕ್ಕೆ ಇರಬೇಕು. ಹಿಂದೆ ಸರಿದರೆ ಮುಂದಿನ ಚಕ್ರದ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ.

ಹಾಗಾಗಿ ನಿಮ್ಮ ಮಕ್ಕಳಿಗೆ ಬೇಕಾದದ್ದು ಜಾರುವ ಹಿಚ್. ಇದರಲ್ಲಿ ಎರಡು ಬಗೆ. ಕೈಯಿಂದ ಬಿಡಿಸುವುದರಲ್ಲಿ ಇಳಿದು ಹೋಗಿ ಲಿವರ್ ಎಳೆದು, ಟ್ರೈಲರ್ ಬ್ರೇಕ್ ಹಿಡಿದಿಟ್ಟು, ಪಿಕಪ್ಪನ್ನು ಮೆಲ್ಲಗೆ ಮುಂದೆ ಬಿಟ್ಟರೆ ಹಿಚ್ ಸುಮಾರು 10 ಇಂಚು ಹಿಂದಕ್ಕೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಮುಂದಕ್ಕೆ ತಂದು ಲಾಕ್ ಮಾಡಿಯೇ ರಸ್ತೆಗೆ ಇಳಿಯಬೇಕು. ತಾನಾಗಿ ಜಾರುವ ಬಗೆ ದುಬಾರಿ. ತಿರುಗಿದಷ್ಟೂ ಅದು ತಾನೇ ಹಿಂದೆ ಸರಿಯುತ್ತದೆ, ನೇರವಾದಾಗ ಮುಂದೆ ಬರುತ್ತದೆ. ಇದಕ್ಕೆ ಟ್ರೈಲರ್‌ನ ಪಿನ್‌ಬಾಕ್ಸಿನ (ಕಿಂಗ್‌ಪಿನ್ ಕೂತ ಪೆಟ್ಟಿಗೆ) ಕೆಳಗೆ ಹಿಚ್ಚಿನ ತಲೆಯನ್ನು ಹಿಡಿದುಕೊಳ್ಳುವ ಒಂದು ಪಟ್ಟಿ ಕೂರಿಸಬೇಕಾಗುತ್ತದೆ, ಅದಿಲ್ಲದೆ ಹಿಚ್ಚಿನ ತಲೆ ಟ್ರೈಲರ್ ಜೊತೆ ತಿರುಗುವುದಿಲ್ಲ. ವಾರಾಂತ್ಯಕ್ಕೊಮ್ಮೆ ಹೊಸ ಹೊಸ ಜಾಗದಲ್ಲಿ ನಿಲ್ಲಿಸುವವರಾದರೆ ಈ ಖರ್ಚು ದಂಡವಲ್ಲ. ಇಳಿದು ಲಿವರ್ ಎಳೆಯಲು ಮರೆಯುವುದು ಕತ್ತಲಲ್ಲಿ, ಮಳೆಯಲ್ಲಿ, ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿರುವಾಗಲೇ.

ದವಡೆಯ ವಿಷಯಕ್ಕೆ ಬಂದರೆ, ಪಿನ್ನನ್ನು ಸುತ್ತುವರಿದು ಹಿಡಿಯುವ ಬಗೆಯನ್ನೇ ಆರಿಸಲಿ. ಒಂದು ಸರಳು ಅಡ್ಡ ಬಂದು ತಡೆಯುವ ಅಗ್ಗದ ಬಗೆಯಲ್ಲಿ ಪಿನ್ನಿನ ಸುತ್ತ ಸಂದು ಹೆಚ್ಚು, ಪ್ರತಿ ಬ್ರೇಕಿಗೂ ಬೆನ್ನಿಗೆ ಗುದ್ದಿದ ಹಾಗೆ ಆಗುತ್ತದೆ. ಹಿಚ್ಚಿನ ತಲೆ ಹಿಂದು ಮುಂದು ಮಾತ್ರವಲ್ಲ, ಎಡ ಬಲಕ್ಕೂ ವಾಲುವಂತಿರಲಿ, ಏರುಪೇರಾದ ನೆಲದಲ್ಲಿ ಸೇರಿಸುವಾಗ ಇದು ಬೇಕಾಗುತ್ತದೆ. ಹಿಚ್ಚಿನ ರೇಟಿಂಗ್ ಟ್ರೈಲರ್‌ನ ತುಂಬಿದ ತೂಕಕ್ಕಿಂತ ಹೆಚ್ಚಿರಬೇಕು, 16,000 ಪೌಂಡಿನದು ಸಾಕು. ಬುಡದ ಹಳಿಗಳನ್ನು ಬಾಡಿಯ ತಗಡಿಗೆ ಬೋಲ್ಟ್ ಮಾಡಿದರೆ ಸಾಲದು, ಆ ಮಾಡೆಲ್ಲಿಗೇ ಮಾಡಿದ ಬ್ರಾಕೆಟ್ ಮೂಲಕ ಚಾಸಿಸ್‌ಗೆ ಸೇರಬೇಕು. ಕಾರ್ಖಾನೆಯಿಂದಲೇ ಗುಳಿಗಳಿರುವ ಪಿಕಪ್ ಆದರೆ ಅದಕ್ಕೆ ಹೊಂದುವ ಹಿಚ್ ನೇರ ಕೂರುತ್ತದೆ, ತೂತು ಕೊರೆಯುವ ಕೆಲಸವೇ ಇಲ್ಲ. ಪಿನ್‌ಬಾಕ್ಸಿಗೆ ಉದ್ದ ಕತ್ತಿನ ಅಡಾಪ್ಟರ್ ಹಾಕಿ ಗೂಸ್‌ನೆಕ್ ಬಾಲಿಗೆ (ಪಿಕಪ್ ಬಾಡಿಯ ನೆಲದಲ್ಲಿ ಕೂರಿಸಿದ ಉಕ್ಕಿನ ಗುಂಡು) ಸಿಕ್ಕಿಸುವ ಅಗ್ಗದ ದಾರಿ ಒಂದಿದೆ. ಆ ಉದ್ದ ಕತ್ತು ಸನ್ನೆಗೋಲಿನ ಹಾಗೆ ಟ್ರೈಲರ್‌ನ ಫ್ರೇಮನ್ನು ತಿರುಚುತ್ತದೆ. ಟ್ರೈಲರ್ ಕಂಪನಿ ಬರಹದಲ್ಲಿ ಒಪ್ಪಿದರೆ ಮಾತ್ರ ಆ ದಾರಿ ಹಿಡಿಯಲಿ.

ಎತ್ತರವನ್ನು ಎರಡು ಅಳತೆ ನಿರ್ಧರಿಸುತ್ತವೆ. ಟ್ರೈಲರ್ ಮಟ್ಟಸವಾಗಿ ನಿಲ್ಲಬೇಕು, ಮತ್ತು ಪಿಕಪ್ ಬಾಡಿಯ ಅಂಚಿಗೂ ಟ್ರೈಲರ್‌ನ ಹೊಟ್ಟೆಗೂ ನಡುವೆ ಕನಿಷ್ಠ ಐದೂವರೆಯಿಂದ ಆರು ಇಂಚು ಉಳಿಯಬೇಕು. ಗಾಡಿ ಒಂದು ಪಕ್ಕ ಹಳ್ಳಕ್ಕಿಳಿದಾಗ ಆ ಸಂದು ಎಷ್ಟು ಬೇಗ ಮುಗಿಯುತ್ತದೆ ಎಂಬುದು ಅಂಚು ಜಜ್ಜಿದ ಮೇಲಷ್ಟೇ ಎಷ್ಟೋ ಜನಕ್ಕೆ ತಿಳಿಯುತ್ತದೆ. ಈ ಎರಡು ಅಳತೆ ಕೂಡಿ ಬರದಿದ್ದರೆ ಹಿಚ್ಚಿನ ತೂತು, ಪಿನ್‌ಬಾಕ್ಸಿನ ತೂತು ಬದಲಿಸಿ ನೋಡಲಿ. ಮೂತಿ ಎತ್ತಿಕೊಂಡು ಓಡುವ ಟ್ರೈಲರ್‌ನಲ್ಲಿ ಹಿಂದಿನ ಆಕ್ಸಲ್‌ನ ಟೈರುಗಳು ಹೆಚ್ಚು ಭಾರ ಹೊತ್ತು ಕಾಯುತ್ತವೆ.

ಸೇರಿಸುವಾಗ ಒಂದು ಅಪಾಯ ಎಲ್ಲಕ್ಕಿಂತ ಮುಖ್ಯ. ಟ್ರೈಲರ್‌ನ ಪ್ಲೇಟು ಹಿಚ್ಚಿನ ಪ್ಲೇಟಿಗಿಂತ ಎತ್ತರದಲ್ಲಿದ್ದರೆ ಪಿನ್ನಿನ ತುದಿಯ ಅಂಚು ಮಾತ್ರ ದವಡೆಯ ಮೇಲೆ ಕೂರುತ್ತದೆ, ಹಿಡಿದಂತೆ ಕಾಣುತ್ತದೆ, ಮೊದಲ ಉಬ್ಬಿನಲ್ಲೇ ಕಳಚಿ ಟ್ರೈಲರ್ ಬಾಡಿಯ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲು ಚಕ್ರಗಳಿಗೆ ಊಟೆ (ಉರುಳದಂತೆ ಅಡ್ಡ ಇಡುವ ತುಂಡು) ಕೊಟ್ಟು, ಟೈಲ್‌ಗೇಟ್ ಇಳಿಸಿ, ಟ್ರೈಲರ್‌ನ ಪ್ಲೇಟು ಹಿಚ್ಚಿಗಿಂತ ಅರ್ಧ ಇಂಚು ತಗ್ಗಿರುವಂತೆ ಕಾಲುಗಳನ್ನು ಸರಿಮಾಡಿ, ನೇರವಾಗಿ ಹಿಂದೆ ಬರಬೇಕು. ಹಿಚ್ಚಿನ ಇಳಿಜಾರು ಟ್ರೈಲರನ್ನು ತುಸು ಎತ್ತಿಕೊಂಡೇ ಒಳಗೆ ಎಳೆದುಕೊಳ್ಳುತ್ತದೆ. ದವಡೆ ಮುಚ್ಚಿ ಹಿಡಿ ತನ್ನ ಜಾಗಕ್ಕೆ ಬಂದ ಮೇಲೆ ಸೇಫ್ಟಿ ಪಿನ್ ಹಾಕಿ, ಟಾರ್ಚ್ ಬಿಟ್ಟು ಎರಡು ಪ್ಲೇಟುಗಳ ನಡುವೆ ಬೆಳಕು ತೂರುತ್ತದೆಯೇ ನೋಡಲಿ. ತೂರಿದರೆ ಮತ್ತೆ ಬಿಚ್ಚಬೇಕು. ಆಮೇಲೆ ಟ್ರೈಲರ್‌ನ ದೀಪ, ಬ್ರೇಕಿಗೆ ಕರೆಂಟ್ ಒಯ್ಯುವ ಏಳು ಪಿನ್ನಿನ ವೈರು, ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಕೇಬಲ್. ಈ ಕೇಬಲ್ಲನ್ನು ಹಿಚ್ಚಿಗೆ ಕಟ್ಟದೆ ಪಿಕಪ್‌ಗೇ ಕಟ್ಟಬೇಕು, ಹಿಚ್ಚೇ ಕಿತ್ತು ಬಂದರೆ ಕೇಬಲ್ ಕೆಲಸ ಮಾಡಬೇಕಲ್ಲ. ಕಾಲುಗಳನ್ನು ನೆಲದಿಂದ ಒಂದಿಂಚು ಮಾತ್ರ ಎತ್ತಿ, ಊಟೆ ತೆಗೆಯದೆ, ಟ್ರೈಲರ್ ಬ್ರೇಕ್ ಕೈಯಲ್ಲಿ ಹಿಡಿದು ಮುಂದಕ್ಕೆ ಮೆಲ್ಲಗೆ ಜಗ್ಗಿ ನೋಡಿದ ಮೇಲಷ್ಟೇ ಕಾಲು ಪೂರ್ತಿ ಎತ್ತುವುದು.

ಮೊದಲ ಪ್ರವಾಸಕ್ಕೆ ಎಲ್ಲ ತುಂಬಿಕೊಂಡ ಮೇಲೆ ಹೆದ್ದಾರಿ ಬದಿಯ ಟ್ರಕ್ ತೂಕದ ಕಟ್ಟೆಯಲ್ಲಿ ಎರಡು ಸಲ ತೂಗಿಸಲಿ: ಒಮ್ಮೆ ಟ್ರೈಲರ್ ಸಮೇತ, ಒಮ್ಮೆ ಅಷ್ಟೇ ಜನ ಕೂತ ಬರಿ ಪಿಕಪ್. ಪಿಕಪ್‌ನ ಎರಡು ಆಕ್ಸಲ್ಲುಗಳ ಮೊತ್ತದಲ್ಲಿ ಬಂದ ವ್ಯತ್ಯಾಸವೇ ನಿಜವಾದ ಪಿನ್ ತೂಕ.

ಪ್ರಶ್ನೆ: ತೋಟದ ಹೋಂಸ್ಟೇಗೆ ಬರುವವರನ್ನು ಕರೆದೊಯ್ಯಲು ಕ್ಯಾಂಪರ್ ಟ್ರೈಲರ್ ಮಾಡಿಸಬೇಕೆಂದಿದ್ದೇನೆ. ಡಬಲ್ ಕ್ಯಾಬ್ ಪಿಕಪ್ ಇದೆ. ವಿದೇಶದ ಹಾಗೆ ಫಿಫ್ತ್ ವೀಲ್ ಮಾಡಿಕೊಡುತ್ತೇವೆ ಎಂದು ಬಾಡಿ ಕಟ್ಟುವವರು ಹೇಳುತ್ತಾರೆ. ಮಾಡಿಸಲೇ?
— ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಮಾಡಿಸಬೇಡಿ. ಟೇಪು ಹಿಡಿದು ಅಳೆದರೆ ಕಾರಣ ನಿಮಗೇ ಕಾಣುತ್ತದೆ. ಡಬಲ್ ಕ್ಯಾಬ್ ಪಿಕಪ್‌ನ ಬಾಡಿ ಸುಮಾರು ಒಂದೂವರೆ ಮೀಟರ್. ಹಿಂದಿನ ಆಕ್ಸಲ್‌ನ ನೇರದಿಂದ ಕ್ಯಾಬಿನ್‌ಗೆ ಒಂದು ಮೀಟರ್ ಸಿಗುವುದೂ ಕಷ್ಟ. ಎರಡು ಮೀಟರ್ ಅಗಲದ ಟ್ರೈಲರ್‌ನ ಅರ್ಧ ಅಗಲವೇ ಒಂದು ಮೀಟರ್. ನಮ್ಮ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮೂತಿ ಗಾಜಿಗೆ ಬಡಿಯುತ್ತದೆ. ಇನ್ನೊಂದು ಮಾತು: ಆಕ್ಸಲ್ ಮೇಲೆ ಸಿಕ್ಕಿಸಿದ ಟ್ರೈಲರ್‌ನ ಚಕ್ರಗಳು ತಿರುವಿನಲ್ಲಿ ಒಳಗಡೆಗೆ ಹೆಚ್ಚು ಕತ್ತರಿಸಿಕೊಂಡು ಬರುತ್ತವೆ. ಬಾಬಾಬುಡನ್‌ಗಿರಿ ಕಡೆಯ ಕಿರಿದಾದ ರಸ್ತೆಯಲ್ಲಿ ಒಳಗಡೆ ಎಂದರೆ ಚರಂಡಿ ಅಥವಾ ಧರೆ.

ನಿಮಗೆ ಹೊಂದುವುದು ಗಾಡಿಯ ಹಿಂದೆ ಕೂರಿಸುವ 50 ಮಿ.ಮೀ. ಬಾಲಿನ (ಉಕ್ಕಿನ ಗುಂಡಿನ) ಜೋಡಣೆ. ಒಂಟಿ ಆಕ್ಸಲ್, ತುಂಬಿದ ತೂಕ 1,200 ಕೆ.ಜಿ. ಮೀರದ ಟ್ರೈಲರ್. ಅದಕ್ಕೂ ಮೊದಲು ಪಿಕಪ್‌ನ ಕೈಪಿಡಿಯಲ್ಲಿ ಎಳೆಯುವ ತೂಕ ಮತ್ತು ಬಾಲಿನ ಮೇಲಿನ ಭಾರ ಎರಡನ್ನೂ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ, ಬಾಯಿಮಾತಿಗೆ ಬೆಲೆಯಿಲ್ಲ. ಬ್ರಾಕೆಟ್ ಚಾಸಿಸ್‌ನ ಎರಡೂ ಬದಿಯ ತೊಲೆಗಳಿಗೆ ಕಂಪನಿ ಕೊಟ್ಟ ತೂತುಗಳಲ್ಲಿ ಕೂರಬೇಕು. ಬಂಪರಿಗೆ ಬೆಸೆಯುವುದು, ಕೆಟ್ಟಾಗ ಹಗ್ಗ ಕಟ್ಟುವ ಹುಕ್ಕಿಗೆ ಸೇರಿಸುವುದು ಎರಡೂ ಬೇಡ. ನೆಲದಿಂದ ಬಾಲಿನ ನಡುವಿಗೆ ತುಂಬಿದ ಸ್ಥಿತಿಯಲ್ಲಿ 350ರಿಂದ 420 ಮಿ.ಮೀ. ಇರಲಿ. ಫೋರ್ ವೀಲ್ ಡ್ರೈವ್ ಗಾಡಿ ಎತ್ತರವಾದ್ದರಿಂದ ಕೆಳಗಿಳಿಸುವ ಪ್ಲೇಟು ಬೇಕಾದೀತು.

ಬಾಲು ಮತ್ತು ಅದರ ಮೇಲೆ ಕೂರುವ ಟ್ರೈಲರ್‌ನ ಕಪ್ಪು (ಬಟ್ಟಲು) ಎರಡೂ ಒಂದೇ ಅಳತೆಯವೇ ಎಂದು ಕೊಳ್ಳುವಾಗಲೇ ಖಚಿತ ಮಾಡಿಕೊಳ್ಳಿ. ಅಮೆರಿಕದ 2 ಇಂಚು ಎಂದರೆ 50.8 ಮಿ.ಮೀ. ಮುಕ್ಕಾಲು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಬಾಲಿಗೆ ಚಿಕ್ಕ ಕಪ್ಪು ಬಿಗಿದು ಸಿಕ್ಕಿಕೊಳ್ಳುತ್ತದೆ, ಚಿಕ್ಕ ಬಾಲಿಗೆ ದೊಡ್ಡ ಕಪ್ಪು ಸಡಿಲವಾಗಿ ಸವೆದು ಒಂದು ದಿನ ಹಾರಿ ಬರುತ್ತದೆ. 50 ಮಿ.ಮೀ. ಬಾಲು ಸವೆದು 49ಕ್ಕೆ ಇಳಿದರೆ ಬದಲಾಯಿಸಿ.

ಬಾಲಿನ ಮೇಲೆ ಟ್ರೈಲರ್ ತೂಕದ ಶೇ 5ರಿಂದ 7 ಕೂರುವಂತೆ ಸಾಮಾನು ಜೋಡಿಸಿ, 1,200 ಕೆ.ಜಿ.ಗೆ 60ರಿಂದ 84 ಕೆ.ಜಿ. ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಟ್ರೈಲರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಕಪ್ಪಿನ ಕೆಳಗೆ ಬಾಲಿನ ಎತ್ತರಕ್ಕೆ ಸರಿಯಾದ ಮರದ ತುಂಡು ಕೊಟ್ಟು, ಅದನ್ನು ಯಂತ್ರದ ಮೇಲೆ ನಿಲ್ಲಿಸಿ ಓದಿ. ನೀರಿನ ಟ್ಯಾಂಕು ಆಕ್ಸಲ್‌ನ ಮೇಲೆಯೇ ಬರುವಂತೆ ಮೊದಲೇ ನಕ್ಷೆ ಹಾಕಿಸಿ, ಇಲ್ಲವಾದರೆ ನೀರು ಖಾಲಿಯಾದಷ್ಟೂ ಮೂತಿಯ ಭಾರ ಬದಲಾಗುತ್ತಾ ಹೋಗುತ್ತದೆ. ಓವರ್‌ರನ್ ಬ್ರೇಕ್ (ಟ್ರೈಲರ್ ಮುಂದಿನ ಗಾಡಿಯನ್ನು ತಳ್ಳಿದಾಗ ಆ ಒತ್ತಡದಿಂದಲೇ ಹಿಡಿಯುವ ಬ್ರೇಕ್) ಇಲ್ಲದೆ ಇಷ್ಟು ತೂಕವನ್ನು ಘಾಟಿಗೆ ತರಬೇಡಿ. ಟ್ರೈಲರ್‌ಗೂ ಪಿಕಪ್‌ಗೂ ಒಂದೇ ಅಳತೆಯ ಚಕ್ರ ಹಾಕಿಸಿದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ.

ಪ್ರಶ್ನೆ: ಟ್ರ್ಯಾಕ್ಟರ್‌ಗೆ ಎರಡು ಚಕ್ರದ ಟಿಪ್ಪರ್ ಟ್ರೈಲರ್ ಹಾಕಿ ಕಾಫಿ ಮೂಟೆ ತರುವಾಗ ತೋಟದ ಏರಿನಲ್ಲಿ ಮುಂದಿನ ಚಕ್ರ ಎದ್ದೇಳುತ್ತದೆ. ಡ್ರೈವರ್ ಬಾನೆಟ್ ಮೇಲೆ ಒಬ್ಬರನ್ನು ಕೂರಿಸಿಕೊಳ್ಳುತ್ತಾನೆ. ಏನು ಮಾಡಬೇಕು?
— ಸಕಲೇಶಪುರ ತಾಲ್ಲೂಕು

ಉತ್ತರ: ಆ ಆಳನ್ನು ಇವತ್ತೇ ಕೆಳಗಿಳಿಸಿ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಕ್ಲಚ್ ಒತ್ತಲು ಹೊತ್ತು ಸಿಗುವುದಿಲ್ಲ.

ಲೆಕ್ಕ ನೋಡಿ. ಟ್ರ್ಯಾಕ್ಟರ್ 2,000 ಕೆ.ಜಿ., ಗಾಲಿಯಿಂದ ಗಾಲಿಗೆ 2 ಮೀಟರ್, ಮುಂದಿನ ಚಕ್ರಗಳ ಮೇಲೆ 760 ಕೆ.ಜಿ. ಎಂದಿಟ್ಟುಕೊಳ್ಳಿ. ಟ್ರೈಲರ್ ತುಂಬಿದಾಗ 5,000 ಕೆ.ಜಿ., ಕೊಂಡಿಯಿಂದ ಅದರ ಆಕ್ಸಲ್‌ಗೆ 3 ಮೀಟರ್, ಹೊರೆಯ ನಡು ಆಕ್ಸಲ್‌ಗಿಂತ 40 ಸೆಂ.ಮೀ. ಮುಂದೆ. ಆಗ ಕೊಂಡಿಯ ಮೇಲೆ ಸುಮಾರು 670 ಕೆ.ಜಿ. ಕೂರುತ್ತದೆ. ಕೊಂಡಿ ಹಿಂದಿನ ಆಕ್ಸಲ್‌ನಿಂದ 70 ಸೆಂ.ಮೀ. ಹಿಂದಿದ್ದರೆ ಅದು ಮುಂದಿನ ಚಕ್ರಗಳಿಂದ 230 ಕೆ.ಜಿ. ಕಿತ್ತುಕೊಳ್ಳುತ್ತದೆ. ಇದು ಸಮತಟ್ಟಿನಲ್ಲಿ. ಆರು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಟ್ರೈಲರ್ 820 ಕೆ.ಜಿ. ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಕೊಂಡಿ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಇನ್ನೂ 205 ಕೆ.ಜಿ. ಹೋಯಿತು. ಟ್ರ್ಯಾಕ್ಟರ್ ತಾನೇ ಹಿಂದಕ್ಕೆ ವಾಲಿರುವುದರಿಂದ 120 ಹೋಯಿತು. ಉಳಿದದ್ದು 200. ಇದೇ ಕೊಂಡಿಯನ್ನು 80 ಸೆಂ.ಮೀ. ಎತ್ತರಕ್ಕೆ ಒಯ್ದರೆ 80 ಕೆ.ಜಿ. ಮಾತ್ರ ಉಳಿಯುತ್ತದೆ. ಕ್ಲಚ್ ಒಂದು ಸಲ ಜೋರಾಗಿ ಬಿಟ್ಟರೆ ಅದೂ ಹೋಗಿ ಚಕ್ರ ಎದ್ದೇಳುತ್ತದೆ. ಸ್ಟೀರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ತೂಕದ ಐದರಲ್ಲಿ ಒಂದು ಭಾಗ, ಅಂದರೆ 400 ಕೆ.ಜಿ. ಮುಂದೆ ಉಳಿಯಬೇಕು.

ಮದ್ದೂ ಇದೇ ಲೆಕ್ಕದಲ್ಲಿದೆ. ಕೊಂಡಿಯನ್ನು ಕಂಪನಿ ಕೊಟ್ಟ ತೂತುಗಳಲ್ಲಿ ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ, ಎಷ್ಟು ಮುಂದಕ್ಕೆ ಸರಿಸಬಹುದೋ ಅಷ್ಟು ಸರಿಸಿ. ಅದು ಹಿಂದಿನ ಆಕ್ಸಲ್‌ನ ನಡುಮಟ್ಟಕ್ಕಿಂತ ಮೇಲೆ ಬರಲೇಕೂಡದು. ಟ್ರೈಲರನ್ನು ಟಾಪ್ ಲಿಂಕ್ (ಎತ್ತುವ ತೋಳುಗಳ ಮೇಲಿನ ಮೂರನೇ ಕೊಂಡಿ) ಇರುವ ಜಾಗಕ್ಕೆ ಸಿಕ್ಕಿಸುವುದು, ಎತ್ತುವ ತೋಳುಗಳಿಗೆ ಅಡ್ಡಪಟ್ಟಿ ಹಾಕಿ ಎಳೆಯುವುದು ಸಾವಿಗೆ ದಾರಿ. ಬಂಪರ್ ಮುಂದೆ 100 ಕೆ.ಜಿ. ವೆಯ್ಟ್ ಹಾಕಿದರೆ, ಅದು ಮುಂದಿನ ಆಕ್ಸಲ್‌ಗಿಂತ 60 ಸೆಂ.ಮೀ. ಮುಂದಿರುವುದರಿಂದ, ಚಕ್ರಗಳ ಮೇಲೆ 130 ಕೆ.ಜಿ. ಬೀಳುತ್ತದೆ. ಎಲ್ಲಕ್ಕಿಂತ ಸುಲಭದ್ದು ಹೊರೆ ಕಡಿಮೆ ಮಾಡುವುದು: ಆ ಏರಿಗೆ 5 ಟನ್ ಬದಲು 3 ಟನ್, ಎರಡು ಸಲ. ಹೊರೆಯನ್ನು ಹಿಂದಕ್ಕೆ ಸರಿಸಿ ಕೊಂಡಿಯ ಭಾರ ಪೂರ್ತಿ ತೆಗೆದುಬಿಡುವುದು ಮಾತ್ರ ತಪ್ಪು ಉಪಾಯ. ಹಾಗೆ ಮಾಡಿದರೆ ಹಿಂದಿನ ಟೈರಿಗೆ ಹಿಡಿತವೇ ಸಿಗದೆ ಏರಿನಲ್ಲಿ ತಿರುಗುತ್ತಾ ನಿಲ್ಲುತ್ತದೆ.

ನಿಮ್ಮ ಟ್ರೈಲರ್‌ನ ಅಂಕಿ ತಿಳಿಯಬೇಕೆಂದರೆ ವೇಬ್ರಿಡ್ಜಿಗೆ ಹೋಗಿ. ಹೊರೆಯ ಟ್ರೈಲರ್ ಸಿಕ್ಕಿಸಿಕೊಂಡೇ ಟ್ರ್ಯಾಕ್ಟರ್‌ನ ನಾಲ್ಕು ಚಕ್ರ ಮಾತ್ರ ಕಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ, ಆಮೇಲೆ ಬರಿ ಟ್ರ್ಯಾಕ್ಟರ್ ತೂಗಿಸಿ. ವ್ಯತ್ಯಾಸ ಕೊಂಡಿಯದು.

ಪ್ರಶ್ನೆ: ನೀರಿನ ಟ್ಯಾಂಕರ್ ಅರ್ಧ ತುಂಬಿದಾಗ ಏರಿನಲ್ಲಿ ಟ್ರ್ಯಾಕ್ಟರ್ ಚಕ್ರ ಜಾರುತ್ತದೆ. ಪೂರ್ತಿ ತುಂಬಿದಾಗ ಇಲ್ಲ. ಕಡಿಮೆ ಭಾರಕ್ಕೇಕೆ ಜಾರಬೇಕು?
— ಕಡೂರು

ಉತ್ತರ: ಏರಿನಲ್ಲಿ ಅರ್ಧ ಟ್ಯಾಂಕಿನ ನೀರೆಲ್ಲ ಹಿಂದಕ್ಕೆ ಓಡುತ್ತದೆ. 4,000 ಲೀಟರ್ ಟ್ಯಾಂಕಿನಲ್ಲಿ ಅದು 2 ಟನ್ ನೀರು. ಹೊರೆಯ ನಡು ಆಕ್ಸಲ್‌ನ ಹಿಂದೆ ಹೋಗಿ ಕೊಂಡಿ ಟ್ರ್ಯಾಕ್ಟರ್‌ನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಓಡಲು ಜಾಗವಿಲ್ಲ. ಟ್ಯಾಂಕಿನೊಳಗೆ ಅಡ್ಡ ತಡೆಗಳು ಇವೆಯೇ ಮುಚ್ಚಳ ತೆರೆದು ನೋಡಿ. ಇಲ್ಲದಿದ್ದರೆ ಮೀಟರಿಗೊಂದರಂತೆ, ಕೆಳಗೆ ಮೇಲೆ ನೀರು ಗಾಳಿ ಹಾದುಹೋಗಲು ತೂತು ಬಿಟ್ಟು ಹಾಕಿಸಿ. ತಡೆಗಳು ನೀರು ಒಮ್ಮೆಲೇ ನುಗ್ಗುವುದನ್ನು ತಡೆಯುತ್ತವೆ, ನಿಧಾನವಾಗಿ ಹಿಂದಕ್ಕೆ ಹರಿಯುವುದನ್ನು ತಡೆಯುವುದಿಲ್ಲ. ಆದ್ದರಿಂದ ಏರು ಇರುವ ದಾರಿಗೆ ತುಂಬಿಸಿಕೊಂಡೇ ಹೋಗಿ ಅಥವಾ ಪೂರ್ತಿ ಖಾಲಿ ಮಾಡಿ ಬನ್ನಿ.

ಪ್ರಶ್ನೆ: ಟ್ರೈಲರ್ ಪಿನ್ನು ಪದೇ ಪದೇ ಬಾಗುತ್ತದೆ. ಈಗ ಕಟ್ಟಡದ ಕಬ್ಬಿಣದ ಕಂಬಿ ಹಾಕಿಕೊಂಡಿದ್ದೇವೆ. ಪರವಾಗಿಲ್ಲವೇ?
— ಬೇಲೂರು

ಉತ್ತರ: ಇಲ್ಲ, ಅದು ಸರಿಯಲ್ಲ. ಕಂಬಿಯ ಮೇಲಿನ ಏಣುಗಳು ತೂತನ್ನು ಅರದಂತೆ ಉಜ್ಜುತ್ತವೆ. 32 ಮಿ.ಮೀ. ತೂತಿಗೆ 25ರ ಕಂಬಿ ಹಾಕಿದರೆ ಪ್ರತಿ ಬ್ರೇಕಿಗೂ, ಪ್ರತಿ ಎಳೆತಕ್ಕೂ 7 ಮಿ.ಮೀ. ಓಡಿ ಬಂದು ಬಡಿಯುತ್ತದೆ. ಪಿನ್ನು ಬಾಗುವುದು ಹೊರೆಗಲ್ಲ, ಈ ಬಡಿತಕ್ಕೆ. ತೂತಿಗಿಂತ ಒಂದೆರಡು ಮಿ.ಮೀ. ಮಾತ್ರ ಕಡಿಮೆ ಇರುವ, ಇಎನ್–8 ಉಕ್ಕಿನಲ್ಲಿ ಕಡೆದ ಪಿನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ. ಮೇಲೆ ಹಿಡಿ, ಕೆಳಗೆ ಲಿಂಚ್ ಪಿನ್ನಿಗೆ (ದೊಡ್ಡ ಪಿನ್ನು ಮೇಲೆದ್ದು ಬರದಂತೆ ತಡೆಯುವ ಚಿಕ್ಕ ಪಿನ್ನು) ತೂತು. ಪಿನ್ನು ಮೇಲೆ ಕೆಳಗೆ ಎರಡೂ ಪ್ಲೇಟುಗಳನ್ನು ಹಾಯ್ದಿರಬೇಕು. ಒಂದೇ ಪ್ಲೇಟಿನಲ್ಲಿ ನಿಂತ ಪಿನ್ನು ಎಷ್ಟು ದಪ್ಪವಿದ್ದರೂ ಬಾಗುತ್ತದೆ. ಟ್ರೈಲರ್‌ನ ಮೂಗಿನ ಬಳೆಯನ್ನೂ ನೋಡಿ: ಹೊಸತಿದ್ದಾಗಿನ ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆದಿದ್ದರೆ ಬದಲಿಸಿ, ಮೇಲೆ ವೆಲ್ಡಿಂಗ್ ತುಂಬಿಸಬೇಡಿ. ಜೊತೆಗೆ ಎರಡು ಸರಪಳಿ, ಮೂಕಿಯ ಕೆಳಗೆ ಕತ್ತರಿ ಹಾಕಿದಂತೆ ಅಡ್ಡಾಡಿಸಿ ಕಟ್ಟಿ. ಪಿನ್ನು ಹೋದರೂ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಸರಪಳಿಯ ಮೇಲೆ ಕೂರುತ್ತದೆ.

ಪ್ರಶ್ನೆ: ಟ್ರೈಲರ್‌ಗೆ ಬೇರೆ ನೋಂದಣಿ, ಬೇರೆ ಲೈಸೆನ್ಸ್ ಬೇಕೇ?
— ಹಾಸನ

ಉತ್ತರ: ನೋಂದಣಿ ಬೇಕು. ಮೋಟಾರು ವಾಹನ ಕಾಯ್ದೆ, 1988ರ 61ನೇ ಕಲಂ ಪ್ರಕಾರ ಟ್ರೈಲರ್‌ನ ಸ್ವಂತ ನಂಬರು ಅದರ ಪಕ್ಕದಲ್ಲಿ, ಎಳೆಯುವ ಗಾಡಿಯ ನಂಬರು ಕೊನೆಯ ಟ್ರೈಲರ್ ಮೇಲೆ ಕಾಣಬೇಕು. ನಿಮ್ಮದು ಕೆಎ–13 ಆದರೆ ಹಾಸನದ ಕಚೇರಿ, ಕೆಎ–46 ಆದರೆ ಸಕಲೇಶಪುರದ್ದು. ಗಾಡಿಗೆ ಬ್ರಾಕೆಟ್ ಹಾಕಿ ಮೂಲ ರಚನೆ ಬದಲಿಸುವ ಮೊದಲು 52ನೇ ಕಲಂ ನೆನಪಿರಲಿ, ನೋಂದಣಿ ಪತ್ರದ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡಿಗೆ ಅದು ಅಡ್ಡ ಬರುತ್ತದೆ. ಲೈಸೆನ್ಸ್ ವಿಷಯದಲ್ಲಿ, ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರೂ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ಜನ ಸಿಕ್ಕಿಬೀಳುವುದು ಇನ್ಶೂರೆನ್ಸ್‌ನಲ್ಲಿ. ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೈಲರ್ ಹೆಸರು ನಂಬರು ಸೇರಿದೆಯೇ ಓದಿ ನೋಡಿ. ಟ್ರೈಲರ್‌ನಲ್ಲಿ ಕೂಲಿಯವರನ್ನು ಕೂರಿಸಿ ಕರೆತರುವುದನ್ನಂತೂ ನಿಲ್ಲಿಸಿ.

ಪ್ರಶ್ನೆ: ಮದುವೆ ಮನೆಗಳಿಗೆ ಜನರೇಟರ್ ಬಾಡಿಗೆಗೆ ಕೊಡುತ್ತೇವೆ. 1,400 ಕೆ.ಜಿ. ಟ್ರೈಲರನ್ನು ಪಿಕಪ್‌ಗೆ ಕಟ್ಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಸುವಾಗ ಹಿಂದೆ ಬಾಲ ಆಡಿಸಿದಂತೆ ತೂಗಾಡುತ್ತದೆ.
— ಮೂಡಿಗೆರೆ

ಉತ್ತರ: ಜನರೇಟರ್‌ನ ಎಂಜಿನ್ ಟ್ರೈಲರ್‌ನ ಹಿಂಭಾಗದಲ್ಲಿದೆಯೇ ನೋಡಿ. ಇಂಥ ದೂರುಗಳಲ್ಲಿ ಹೆಚ್ಚಾಗಿ ಕಾರಣ ಅದೇ. ಹಿಂಭಾರವಾದ ಟ್ರೈಲರ್ ವೇಗ ಹೆಚ್ಚಿದಂತೆ ತೂಗಾಡಲು ಶುರುಮಾಡುತ್ತದೆ, ಇಳಿಜಾರಿನಲ್ಲಿ ಅದು ಪಿಕಪ್ಪನ್ನು ತಳ್ಳುವುದೂ ಸೇರಿ ತೂಗಾಟ ಬೆಳೆಯುತ್ತದೆ. ನಿಮ್ಮ ತೂಕಕ್ಕೆ ಕೊಂಡಿಯ ಮೇಲೆ 70ರಿಂದ 100 ಕೆ.ಜಿ. ಇರಬೇಕು. ಸೆಟ್ಟನ್ನು ಬೋಲ್ಟ್ ಬಿಚ್ಚಿ ಒಂದು ಗೇಣು ಮುಂದೆ ಸರಿಸಿದರೆ ಸಾಕಾಗಬಹುದು, ಸರಿಸಲಾಗದಿದ್ದರೆ ಡೀಸೆಲ್ ಕ್ಯಾನು, ಕೇಬಲ್ ಸುರುಳಿಗಳನ್ನು ಮೂಕಿಯ ಕಡೆಗೆ ಕಟ್ಟಿ. ಟ್ರೈಲರ್ ಟೈರುಗಳ ಗಾಳಿ ಎರಡೂ ಕಡೆ ಒಂದೇ ಇರಲಿ.

ತೂಗಾಡತೊಡಗಿದಾಗ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ. ಅದನ್ನು ಎಡಬಲಕ್ಕೆ ತಿರುಗಿಸಿ ತೂಗಾಟ ನಿಲ್ಲಿಸಲು ಹೋಗಬೇಡಿ, ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಟ್ರೈಲರ್ ಪಕ್ಕಕ್ಕೆ ಮಡಚಿಕೊಂಡು ಬರುತ್ತದೆ. ಘಾಟಿ ಶುರುವಾಗುವ ಮೊದಲೇ ಎರಡನೇ ಗೇರಿಗೆ ಇಳಿಯಿರಿ, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಲೆಕ್ಕ ಬೇಡ. ವೇಗ ಏರಿದರೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಸಾಕಷ್ಟು ಇಳಿಸಿ, ಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಹೋಗುತ್ತದೆ. ಇಷ್ಟು ತೂಕಕ್ಕೆ ಟ್ರೈಲರ್‌ಗೆ ಓವರ್‌ರನ್ ಬ್ರೇಕ್ ಬೇಕೇ ಬೇಕು. ಹಾಕಿಸಿದ ಮೇಲೆ ಮೊದಲ ಸಲ ಘಾಟಿ ಇಳಿದು ನಿಲ್ಲಿಸಿದಾಗ ಎರಡೂ ಡ್ರಮ್ಮುಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಬಿಸಿ ಕಾರುತ್ತಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವ ಕಡೆಯ ಶೂ ಹಿಡಿಯುತ್ತಿಲ್ಲ. ಆ ಕಡೆಯ ಕೇಬಲ್ ಅಡ್ಜಸ್ಟ್ ಮಾಡಿಸದೆ ಮತ್ತೆ ಘಾಟಿಗೆ ಹೋಗಬೇಡಿ.